ಉಪ್ಪನ ಕಾರು ಮಗನ ಕೈಗೆ: ಕ್ಲಾಸಿಕ್ ಸ್ಪೋರ್ಟ್ಸ್ ಕಾರುಗಳು ತಲೆಮಾರು ದಾಟುವುದು ಹೇಗೆ?

ಉಪ್ಪ ತೀರಿಕೊಂಡ ಮನೆಯಲ್ಲಿ ಮನೆ, ಜಾಗ, ತೋಟ, ಅಂಗಡಿಯ ಲೆಕ್ಕ ಹೇಗೋ ಒಂದು ಹಂತಕ್ಕೆ ಬರುತ್ತದೆ. ಶೆಡ್ಡಿನಲ್ಲಿರುವ ಹಳೆಯ ಕಾರಿನ ವಿಷಯ ಮಾತ್ರ ಹಾಗೇ ಉಳಿಯುತ್ತದೆ. ಒಬ್ಬ ಮಗ ದುಬೈಯಲ್ಲಿ, ಇನ್ನೊಬ್ಬ ಮಂಗಳೂರಿನಲ್ಲಿ, ಮಗಳು ಕಾಸರಗೋಡಿನಲ್ಲಿ. "ಉಪ್ಪನ ನೆನಪು, ಮಾರುವುದು ಬೇಡ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸ್ಟಾರ್ಟ್ ಮಾಡುವವರು ಯಾರೂ ಇಲ್ಲ. ಎರಡು ಮಳೆಗಾಲ ಕಳೆಯುವಾಗ ಅಡಿಭಾಗಕ್ಕೆ ತುಕ್ಕು, ಮೂರನೆಯದಕ್ಕೆ ಬ್ರೇಕ್ ಜಾಮ್, ಐದನೆಯದಕ್ಕೆ ಗುಜರಿಯವನ ಫೋನ್.

ಜಗತ್ತಿನ ದೊಡ್ಡ ದೊಡ್ಡ ಸ್ಪೋರ್ಟ್ಸ್ ಕಾರುಗಳಿಗೂ ಇದೇ ಗತಿ ಬಂದದ್ದಿದೆ. ಹಾಗೆಯೇ ಅಮ್ಮನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ದಾಟಿ ಇಂದಿಗೂ ಓಡುತ್ತಿರುವ ಕಾರುಗಳೂ ಇವೆ. ಇವೆರಡರ ನಡುವಿನ ವ್ಯತ್ಯಾಸ ಏನು? ಕಾನೂನು, ವಾರಸು, ಆರೈಕೆ ಈ ಮೂರನ್ನೂ ಒಂದೇ ಕಡೆ ತಿಳಿಸುವ ಪ್ರಯತ್ನ ಈ ಲೇಖನ.

ಕ್ಲಾಸಿಕ್ ಎಂದರೆ ಯಾವುದು?

ಹಳೆಯದೆಲ್ಲ ಕ್ಲಾಸಿಕ್ ಅಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ 'ಫಿವಾ' 1966ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಕಾರ ಐತಿಹಾಸಿಕ ವಾಹನಕ್ಕೆ ಕನಿಷ್ಠ 30 ವರ್ಷ ಆಗಿರಬೇಕು, ಮೂಲ ರೂಪಕ್ಕೆ ಹೊಂದುವ ಸ್ಥಿತಿಯಲ್ಲಿ ಕಾಪಾಡಿರಬೇಕು ಮತ್ತು ಅದು ದಿನನಿತ್ಯದ ಓಡಾಟದ ಗಾಡಿ ಆಗಿರಬಾರದು. ಜರ್ಮನಿಯಲ್ಲಿ ಇಂಥ ಕಾರಿನ ನಂಬರ್ ಪ್ಲೇಟಿನ ಕೊನೆಯಲ್ಲಿ 'ಎಚ್' ಅಕ್ಷರ ಇರುತ್ತದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ದೊಡ್ಡ ಬದಲಾವಣೆ ಮಾಡಿರದಿದ್ದರೆ ವಾರ್ಷಿಕ ತಪಾಸಣೆಯಿಂದಲೂ 2018ರಿಂದ ವಿನಾಯಿತಿ ಇದೆ. ನಮ್ಮವರು ಹೆಚ್ಚಾಗಿ ದುಡಿಯುವ ದುಬೈಯಲ್ಲಿ 30 ವರ್ಷ ದಾಟಿದ ಕಾರಿಗೆ ಪ್ರತ್ಯೇಕ ಕ್ಲಾಸಿಕ್ ನಂಬರ್ ಪ್ಲೇಟ್ ಸಿಗುತ್ತದೆ. ಭಾರತದ ಲೆಕ್ಕ ಬೇರೆ: ಇಲ್ಲಿ 'ವಿಂಟೇಜ್' ಅನ್ನಿಸಿಕೊಳ್ಳಲು 50 ವರ್ಷ ದಾಟಬೇಕು.

ಸ್ಪೋರ್ಟ್ಸ್ ಕಾರು ಎಂದರೆ ಸಾಮಾನ್ಯವಾಗಿ ಎರಡು ಸೀಟಿನ, ತಗ್ಗಿದ ಮೈಯ, ಓಡಿಸುವ ಖುಷಿಗೆಂದೇ ಮಾಡಿದ ಗಾಡಿ. ಬ್ರಿಟನ್ನಿನ ಎಂಜಿಬಿ (1962ರಿಂದ 1980), ಜಾಗ್ವಾರ್ ಇ-ಟೈಪ್ (1961ರಿಂದ 1974), ಜರ್ಮನಿಯ ಪೋರ್ಷೆ 356 ಮತ್ತು 911 ಇವೆಲ್ಲ ಈ ಸಾಲಿನವು. ಎಂಜಿಬಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಂದರೆ ಅದು ಶ್ರೀಮಂತರ ಆಟಿಕೆ ಆಗಿರಲಿಲ್ಲ. ಶಿಕ್ಷಕ, ಗುಮಾಸ್ತ ಕೂಡ ಕೊಳ್ಳಬಹುದಾದ ಕಾರಾಗಿತ್ತು. ಅದಕ್ಕೇ ಅಜ್ಜನಿಂದ ಮೊಮ್ಮಗಳಿಗೆ ದಾಟಿದ ಕಾರುಗಳಲ್ಲಿ ಅದು ಬಹಳ ಕಾಣಸಿಗುತ್ತದೆ. 1988ರಿಂದ ಅದರ ಹೊಸ ಬಾಡಿ ಶೆಲ್ಲನ್ನು ಮೂಲ ಅಚ್ಚುಗಳಿಂದಲೇ ಮತ್ತೆ ತಯಾರಿಸಿ ಮಾರಲು ಶುರು ಮಾಡಿದರು. ಬಿಡಿಭಾಗ ಸಿಗುವ ಕಾರು ಬದುಕುತ್ತದೆ, ಸಿಗದ ಕಾರು ಶೆಡ್ಡಿನಲ್ಲೇ ಕೂರುತ್ತದೆ. ಇದು ಮೊದಲ ಪಾಠ.

ಮೂರು ತಲೆಮಾರು ಕಂಡ ಒಂದು ಆಸ್ಟನ್ ಮಾರ್ಟಿನ್

ಎಲ್ಲರಿಗೂ ಗೊತ್ತಿರುವ ಉದಾಹರಣೆ ಬ್ರಿಟನ್ ರಾಜಮನೆತನದ್ದು. ಈಗಿನ ರಾಜ ಚಾರ್ಲ್ಸ್‌ಗೆ 21 ವರ್ಷ ತುಂಬಿದಾಗ, 1969ರಲ್ಲಿ, ತಾಯಿ ರಾಣಿ ಎಲಿಜಬೆತ್ ಕೊಟ್ಟ ಉಡುಗೊರೆ ಒಂದು ಆಸ್ಟನ್ ಮಾರ್ಟಿನ್ ಡಿಬಿ6 ವೊಲಾಂಟೆ. ಮೇಲ್ಛಾವಣಿ ಮಡಚಬಹುದಾದ ಕಾರು. 2011ರ ಏಪ್ರಿಲ್ 29ರಂದು ಮಗ ವಿಲಿಯಂ ಮದುವೆಯಾದ ದಿನ, ಮದುಮಗಳನ್ನು ಪಕ್ಕದಲ್ಲಿ ಕೂರಿಸಿ ಅರಮನೆಯಿಂದ ಹೊರಗೆ ಓಡಿಸಿಕೊಂಡು ಬಂದದ್ದು ಇದೇ ಕಾರನ್ನು. ಅಜ್ಜಿ ಕೊಟ್ಟದ್ದು, ಅಪ್ಪ ಇಟ್ಟುಕೊಂಡದ್ದು, ಮಗ ಓಡಿಸಿದ್ದು.

ಇಲ್ಲಿ ಗಮನಿಸಬೇಕಾದ್ದು ಅರಮನೆಯ ವೈಭವವಲ್ಲ. 40 ವರ್ಷ ಕಳೆದ ಮೇಲೂ ಆ ಕಾರು ಓಡುವ ಸ್ಥಿತಿಯಲ್ಲಿತ್ತು ಎಂಬುದು. ಪೆಟ್ರೋಲ್ ಬಗ್ಗೆ ಪರಿಸರದ ಪ್ರಶ್ನೆ ಬಂದಾಗ ಕಾರನ್ನು ಮೂಲೆಗೆ ಹಾಕಲಿಲ್ಲ. ಉಳಿಕೆ ವೈನ್ ಮತ್ತು ಚೀಸ್ ತಯಾರಿಯಲ್ಲಿ ಉಳಿದ ಹಾಲಿನ ನೀರಿನಿಂದ ಮಾಡಿದ ಎಥನಾಲ್ ಇಂಧನಕ್ಕೆ ಇಂಜಿನ್ನನ್ನು ಹೊಂದಿಸಿದರು. ತಲೆಮಾರು ದಾಟುವ ವಸ್ತು ಕಾಲಕ್ಕೆ ತಕ್ಕ ಹಾಗೆ ಸ್ವಲ್ಪ ಬಗ್ಗಬೇಕಾಗುತ್ತದೆ.

ತಾರ್ಪಾಲಿನ ಕೆಳಗೆ ಕೊಳೆತ ನಿಧಿ

ಇದರ ತದ್ವಿರುದ್ಧ ಕಥೆ ಫ್ರಾನ್ಸಿನದ್ದು. ಲಾರಿ ಸಾಗಣೆಯ ಉದ್ಯಮಿ ರೋಜೆ ಬಯೋನ್ 1950ರ ದಶಕದಿಂದ ಹಳೆಯ ಕಾರುಗಳನ್ನು ಒಟ್ಟು ಮಾಡತೊಡಗಿದರು. ಒಂದು ಮ್ಯೂಸಿಯಂ ಮಾಡಬೇಕೆಂಬುದು ಅವರ ಕನಸು. 1970ರ ದಶಕದಲ್ಲಿ ವ್ಯಾಪಾರ ಕುಸಿಯಿತು. ಕೆಲವು ಕಾರು ಮಾರಿದರು, ಉಳಿದವು ಹೊಲದಲ್ಲಿ ತಗಡಿನ ಮಾಡಿನ ಕೆಳಗೆ ನಿಂತವು. ಮಗನ ಕಾಲದಲ್ಲೂ ಅವು ಅಲ್ಲೇ. ಮಗ ತೀರಿಹೋದ ಬಳಿಕ ಮೊಮ್ಮಕ್ಕಳು ಹರಾಜು ಕಂಪೆನಿಯವರನ್ನು ಕರೆಸಿದರು. ಬಂದವರಿಗೆ ಸಿಕ್ಕಿದ್ದು ಸುಮಾರು 60 ಕಾರುಗಳು. ಅವುಗಳಲ್ಲೊಂದು 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್, ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಇತ್ತು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ ಹರಾಜಿನಲ್ಲಿ ಆ ಒಂದು ಕಾರಿಗೇ 1.6 ಕೋಟಿ ಯೂರೋಗಿಂತ ಹೆಚ್ಚು ಬಂತು; ಇಡೀ ಸಂಗ್ರಹಕ್ಕೆ ಸುಮಾರು 2.5 ಕೋಟಿ ಯೂರೋ.

"ಅಬ್ಬಾ, ಲಾಟರಿ!" ಅನ್ನಿಸಬಹುದು. ಆದರೆ ಅದೇ ಸಂಗ್ರಹದ ಹಲವು ಕಾರುಗಳು ಮಳೆ ಗಾಳಿಗೆ ಸಿಕ್ಕಿ ಬರೀ ಅಸ್ಥಿಪಂಜರವಾಗಿದ್ದವು. ಅಜ್ಜನ ಕನಸಿನ ಮ್ಯೂಸಿಯಂ ಆಗಲೇ ಇಲ್ಲ. ಕುಟುಂಬಕ್ಕೆ ಹಣ ಬಂತು, ಕಾರುಗಳು ಹೋದವು. ಬ್ರಿಟನ್ನಿನ ವೈದ್ಯರೊಬ್ಬರ ಗ್ಯಾರೇಜಿನಲ್ಲಿ ಸುಮಾರು ಅರ್ಧ ಶತಮಾನ ಅಲುಗದೆ ನಿಂತಿದ್ದ 1937ರ ಬುಗಾಟಿ ಟೈಪ್ 57ಎಸ್ ಕೂಡ ಅವರ ಮರಣದ ಬಳಿಕ ಬೆಳಕಿಗೆ ಬಂದು, 2009ರಲ್ಲಿ ಸುಮಾರು 34 ಲಕ್ಷ ಯೂರೋಗೆ ಹರಾಜಾಯಿತು. ಇಂಥ ಸುದ್ದಿ ಓದಿ ಎಲ್ಲ ಹಳೆಯ ಕಾರೂ ಕೋಟಿ ತರುತ್ತದೆ ಎಂದುಕೊಳ್ಳಬಾರದು. ಫೆರಾರಿ, ಬುಗಾಟಿಯಂಥ ಬೆರಳೆಣಿಕೆಯ ಕಾರುಗಳ ಕಥೆ ಅದು. ಉಳಿದವುಗಳಲ್ಲಿ ರಿಪೇರಿಗೆ ಹಾಕುವ ಹಣ, ಮಾರಿದರೆ ಬರುವ ಹಣಕ್ಕಿಂತ ಜಾಸ್ತಿ ಆಗುವುದೇ ಹೆಚ್ಚು.

ಮಾಡುವ ಮನೆತನಗಳೂ ಹೀಗೆಯೇ

ಕಾರು ಮಾಡುವ ಕಸುಬೂ ತಲೆಮಾರು ದಾಟುತ್ತದೆ. ಫರ್ಡಿನಂಡ್ ಪೋರ್ಷೆಯ ಮಗ ಫೆರ್ರಿ 1948ರಲ್ಲಿ ಪೋರ್ಷೆ ಹೆಸರಿನ ಮೊದಲ ಸ್ಪೋರ್ಟ್ಸ್ ಕಾರು 356 ಅನ್ನು ತಂದರು. ಮೊಮ್ಮಗ ಫರ್ಡಿನಂಡ್ ಅಲೆಕ್ಸಾಂಡರ್ ಬಿಡಿಸಿದ ಆಕಾರವೇ 1963ರಲ್ಲಿ ಪ್ರದರ್ಶನಕ್ಕೆ ಬಂದ 911. ಮೊದಲು ಅದರ ಹೆಸರು 901 ಆಗಿತ್ತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತಮ್ಮದೆಂದು ಪ್ಯೂಜೊ ಕಂಪೆನಿ ತಕರಾರು ಮಾಡಿದ್ದರಿಂದ 911 ಆಯಿತು.

ಇಂಗ್ಲೆಂಡಿನ ಮಾಲ್ವರ್ನ್ ಊರಿನ ಮೋರ್ಗನ್ ಕಂಪೆನಿಯೂ ತಂದೆ, ಮಗ, ಮೊಮ್ಮಗ ಎಂದು ಮೂರು ತಲೆಮಾರು ನಡೆಯಿತು. ಅವರ ಕಾರಿನ ಬಾಡಿಯ ಒಳಗೆ ಮರದ ಚೌಕಟ್ಟು ಇರುತ್ತದೆ, ಅದನ್ನು ಕೂರಿಸುವವರು ಬಡಗಿಗಳು. 2019ರಲ್ಲಿ ಕಂಪೆನಿಯ ಹೆಚ್ಚಿನ ಪಾಲು ಇಟಲಿಯ ಹೂಡಿಕೆದಾರರ ಕೈ ಸೇರಿತು. ಆದರೂ ಮರದ ಚೌಕಟ್ಟಿನ ಕಸುಬು ಅದೇ ಊರಿನಲ್ಲಿ ಉಳಿದಿದೆ. ಕೀ ಕೊಟ್ಟರೆ ಮಾತ್ರ ಸಾಲದು, ಕೈಕೆಲಸವನ್ನೂ ಕೊಡಬೇಕು.

ನಮ್ಮ ದೇಶದಲ್ಲಿ ಕಾನೂನು ಏನು ಹೇಳುತ್ತದೆ?

ಸ್ಪೋರ್ಟ್ಸ್ ಕಾರೇ ಇರಲಿ, ಅಂಬಾಸಿಡರ್, ಫಿಯಟ್, ಜೀಪೇ ಇರಲಿ, ಕೆಳಗಿನ ನಿಯಮ ಎಲ್ಲದಕ್ಕೂ ಒಂದೇ.

1. ಮಾಲೀಕ ತೀರಿಕೊಂಡಾಗ: ಕಾರು ಯಾರ ವಶದಲ್ಲಿದೆಯೋ ಅವರು 30 ದಿನಗಳ ಒಳಗೆ ಆರ್‌ಟಿಒಗೆ ಮರಣದ ವಿಷಯ ತಿಳಿಸಬೇಕು. ಹಾಗೆ ತಿಳಿಸಿದರೆ ಮೂರು ತಿಂಗಳವರೆಗೆ ಅದೇ ಹೆಸರಿನಲ್ಲಿ ಓಡಿಸಬಹುದು. ಆ ಮೂರು ತಿಂಗಳ ಒಳಗೆ ಫಾರ್ಮ್ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್ ಜೊತೆಗಿರಲಿ. ಇತರ ವಾರಸುದಾರರ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ.

2. ನಾಮಿನಿ: 2021ರ ತಿದ್ದುಪಡಿಯ ಬಳಿಕ ಕಾರಿನ ಮಾಲೀಕ ಬದುಕಿರುವಾಗಲೇ ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸಬಹುದು. ಕಾಗದಪತ್ರದ ಓಡಾಟ ಇದರಿಂದ ಕಡಿಮೆ. ಆದರೆ ನಾಮಿನಿ ಆದ ಮಾತ್ರಕ್ಕೆ ಉಳಿದವರ ವಾರಸು ಪಾಲು ಅಳಿಸಿಹೋಯಿತು ಎಂದು ತಿಳಿಯಬಾರದು.

3. ಗಡಿ ದಾಟುವ ಕಾರು: ಕಾಸರಗೋಡಿನ ಉಪ್ಪನ ಕೆಎಲ್-14 ಕಾರನ್ನು ಮಗ ಮಂಗಳೂರಿಗೆ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಬೇಕು. ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರಕ್ಕೆ ಫಾರ್ಮ್ 28, ಹೊಸ ಕಡೆಯಲ್ಲಿ ಸಂಖ್ಯೆಗೆ ಫಾರ್ಮ್ 27. ಈಚೆ ರಾಜ್ಯದ ತೆರಿಗೆಯೂ ಕಟ್ಟಬೇಕು. ನಮ್ಮ ಗಡಿ ಭಾಗದವರು ಅತಿ ಹೆಚ್ಚು ಸಿಕ್ಕಿಬೀಳುವುದು ಇಲ್ಲೇ.

4. 15 ವರ್ಷದ ಬಳಿಕ: ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ನಂತರ ಫಿಟ್‌ನೆಸ್ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ನವೀಕರಣ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಚೆನ್ನಾಗಿ ಏರಿದೆ. ಆದರೆ "15 ವರ್ಷ ಆದರೆ ಗುಜರಿಗೇ" ಎಂಬ ಮಾತು ನಮ್ಮ ಕಡೆಗೆ ಅನ್ವಯಿಸುವುದಿಲ್ಲ. ಆ ಕಟ್ಟುನಿಟ್ಟು ಬಂದದ್ದು ದಿಲ್ಲಿ ಸುತ್ತಮುತ್ತಲಿನ ಪ್ರದೇಶಕ್ಕೆ.

5. ವಿಂಟೇಜ್ ನೋಂದಣಿ: 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಇಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗದ ಕಾರು ಮತ್ತು ಬೈಕಿಗೆ ಈ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಬಳಿಕ ನವೀಕರಣಕ್ಕೆ 5,000 ರೂಪಾಯಿ. ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಅಕ್ಷರ ಇರುತ್ತದೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಒಂದು ಷರತ್ತು: ವಿಂಟೇಜ್ ಆದ ಮೇಲೆ ದಿನವೂ ಪೇಟೆಗೆ ಹೋಗಲಿಕ್ಕಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗಿಳಿಸಬಹುದು.

6. ಇನ್ಶೂರೆನ್ಸ್: 5 ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಮಾಲೀಕ ಮತ್ತು ಕಂಪೆನಿ ಮಾತಾಡಿ ತೀರ್ಮಾನಿಸುತ್ತಾರೆ. ಹಾಗಾಗಿ ಫೋಟೋ, ಬಿಲ್ಲು, ಮೌಲ್ಯಮಾಪನ ಕೈಯಲ್ಲಿದ್ದರೆ ನ್ಯಾಯವಾದ ಮೊತ್ತ ಸಿಗುತ್ತದೆ. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ ಇದೆ.

ವಾರಸು: ಪ್ರೀತಿ ಇದ್ದಲ್ಲೇ ಜಗಳ

ಬ್ರಿಟನ್ನಿನಲ್ಲಿ ಮೃತರ ಆಸ್ತಿ 3,25,000 ಪೌಂಡ್ ದಾಟಿದರೆ ಮೇಲಿನ ಮೊತ್ತಕ್ಕೆ ಸಾಮಾನ್ಯವಾಗಿ ಶೇ. 40 ವಾರಸು ತೆರಿಗೆ. ಆ ತೆರಿಗೆ ಕಟ್ಟಲಿಕ್ಕಾಗಿಯೇ ಅಪ್ಪನ ಕಾರು ಮಾರುವ ಕುಟುಂಬಗಳಿವೆ. ನಮ್ಮಲ್ಲಿ ಎಸ್ಟೇಟ್ ತೆರಿಗೆ 1985ರಲ್ಲೇ ರದ್ದಾಗಿದೆ. ಹಾಗಾಗಿ ಇಲ್ಲಿ ಕಾರು ಮನೆಯಿಂದ ಹೋಗುವುದು ತೆರಿಗೆಯಿಂದಲ್ಲ, ಮಾತು ಮುಗಿಯದ್ದರಿಂದ.

ನಮ್ಮ ಮನೆಗಳ ಮಟ್ಟಿಗೆ ಮೂರು ವಿಷಯ ನೆನಪಿರಲಿ. ಒಂದು, ಕಾರು ಕೂಡ ಸೊತ್ತೇ. ಸಾಲ ಮತ್ತು ವಸಿಯ್ಯತ್ ತೀರಿದ ಬಳಿಕ ಉಳಿದದ್ದರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಪಾಲಿದೆ. "ಕಾರು ಗಂಡುಮಕ್ಕಳಿಗಲ್ವಾ" ಎಂದು ಹೆಣ್ಣುಮಕ್ಕಳ ಪಾಲನ್ನು ಮರೆಯುವುದು ಸರಿಯಲ್ಲ. ಎರಡು, ವಸಿಯ್ಯತ್ ಮೂಲಕ ಕೊಡಬಹುದಾದ್ದು ಸೊತ್ತಿನ ಮೂರನೇ ಒಂದು ಭಾಗದವರೆಗೆ. ವಾರಸುದಾರನೊಬ್ಬನಿಗೇ ವಸಿಯ್ಯತ್ ಮಾಡಿದರೆ ಉಳಿದ ವಾರಸುದಾರರು ಒಪ್ಪಬೇಕು. ಮೂರು, ಬದುಕಿರುವಾಗ ಹಿಬಾ ಕೊಡುವುದಾದರೆ ಕೊಡುವ ಮಾತು, ಪಡೆಯುವವರ ಒಪ್ಪಿಗೆ, ವಸ್ತುವಿನ ಹಸ್ತಾಂತರ ಈ ಮೂರೂ ಆಗಬೇಕು. "ಈ ಕಾರು ನಿನಗೇ ಮೋನೆ" ಎಂದು ಹತ್ತು ಸಲ ಹೇಳಿ ಕೀಯನ್ನು ತನ್ನ ಕಿಸೆಯಲ್ಲೇ ಇಟ್ಟುಕೊಂಡರೆ, ಆರ್‌ಸಿಯನ್ನೂ ಬದಲಿಸದಿದ್ದರೆ, ನಾಳೆ ಆ ಮಾತಿಗೆ ಸಾಕ್ಷಿ ಹುಡುಕಬೇಕಾಗುತ್ತದೆ.

ಕಾರನ್ನು ತುಂಡು ಮಾಡಿ ಹಂಚಲಿಕ್ಕಾಗುವುದಿಲ್ಲ. ಸುಲಭದ ದಾರಿ ಎಂದರೆ ಮಾರುಕಟ್ಟೆ ಬೆಲೆ ಕಟ್ಟಿಸಿ, ಇಟ್ಟುಕೊಳ್ಳುವವನು ಉಳಿದವರ ಪಾಲನ್ನು ಹಣವಾಗಿ ಕೊಡುವುದು. ಇಲ್ಲವೇ ಎಲ್ಲರೂ ಒಪ್ಪಿ ಒಬ್ಬರಿಗೆ ಬಿಟ್ಟುಕೊಡುವುದು. ಯಾವುದೇ ಆಗಲಿ, ಬರವಣಿಗೆಯಲ್ಲಿರಲಿ. ನಿರ್ದಿಷ್ಟ ಪಾಲಿನ ಲೆಕ್ಕಕ್ಕೆ ಉಸ್ತಾದರನ್ನೂ ವಕೀಲರನ್ನೂ ಕೇಳಿ. ಇದೆಲ್ಲ ಉಪ್ಪ ಇರುವಾಗಲೇ ಕೂತು ಮಾತಾಡಿದರೆ ಇನ್ನೂ ಒಳ್ಳೆಯದು.

ಕರಾವಳಿಯಲ್ಲಿ ಹಳೆಯ ಕಾರಿನ ಆರೈಕೆ

ಯುರೋಪಿನ ಕಾರಿಗೆ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಶತ್ರು. ನಮಗೆ ಕಡಲಗಾಳಿಯ ಉಪ್ಪು ಮತ್ತು ನಾಲ್ಕು ತಿಂಗಳ ಮಳೆ.

* ಪ್ಲಾಸ್ಟಿಕ್ ತಾರ್ಪಾಲು ಕಟ್ಟಿಡಬೇಡಿ. ಒಳಗೆ ತೇವ ನಿಂತು ಮೈಯೆಲ್ಲ ಬೆವರುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಒಳ್ಳೆಯದು. ಶೆಡ್ಡಿಗೆ ಸಿಮೆಂಟ್ ನೆಲ ಇರಲಿ, ಮಣ್ಣಿನ ನೆಲದಿಂದ ತೇವ ಮೇಲೇರುತ್ತದೆ.

* ಬಾಗಿಲಿನ ಕೆಳಗಿನ ಪಟ್ಟಿ, ಕಾಲಿಡುವ ತಳ, ಚಕ್ರದ ಕಮಾನು ಈ ಮೂರು ಕಡೆ ತುಕ್ಕು ಮೊದಲು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಕೆಳಗೆ ಬಗ್ಗಿ ನೋಡಿ.

* ಎರಡು ವಾರಕ್ಕೊಮ್ಮೆಯಾದರೂ ಓಡಿಸಿ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಪ್ರಯೋಜನಕ್ಕಿಂತ ಹಾನಿ ಜಾಸ್ತಿ. ಸೈಲೆನ್ಸರಿನಲ್ಲಿ ನೀರು ಕಟ್ಟುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿ ಬನ್ನಿ.

* ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಟಯರಿನಲ್ಲಿ ಗೀರು ಕಾಣದಿದ್ದರೂ ವಯಸ್ಸು ನೋಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 10 ವರ್ಷ ದಾಟಿದ ಟಯರು ನಂಬಲಿಕ್ಕಾಗದು.

* ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾರಿನ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಷರುಗಳು ಎಥನಾಲಿಗೆಂದು ಮಾಡಿದ್ದಲ್ಲ. ಉಬ್ಬುತ್ತವೆ, ಬಿರಿಯುತ್ತವೆ, ಸೋರಿದರೆ ಬೆಂಕಿಯ ಭಯವೂ ಇದೆ. ಎಥನಾಲ್ ತಾಳುವ ಪೈಪು ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಬೇಡಿ.

* ಕಳಚಿದ ಮೂಲ ಭಾಗವನ್ನು ಬಿಸಾಡಬೇಡಿ. ಹೆಸರು ಬರೆದು ಡಬ್ಬದಲ್ಲಿಡಿ. ಇಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ ಕಾರ್ಖಾನೆಯ ದಾಖಲೆಗೆ ಹೊಂದುವ ಕಾರಿಗೆ ಬೆಲೆ ಹೆಚ್ಚು. ಬ್ರಿಟಿಷ್ ಕಾರುಗಳಲ್ಲಿ ಹಲವಕ್ಕೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಮೂಲ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ.

ಓಡಿಸಿದಷ್ಟೂ ಕಾರು ಬಾಳುತ್ತದೆ ಎಂಬುದಕ್ಕೆ ಅಮೆರಿಕದ ಇರ್ವ್ ಗಾರ್ಡನ್ ಸಾಕ್ಷಿ. 1966ರಲ್ಲಿ ಕೊಂಡ ವೋಲ್ವೋ ಪಿ1800 ಸ್ಪೋರ್ಟ್ಸ್ ಕಾರನ್ನು ಅವರು 2013ರಲ್ಲಿ 30 ಲಕ್ಷ ಮೈಲಿ ದಾಟಿಸಿದರು. ಅದು ಗಿನ್ನೆಸ್ ದಾಖಲೆ. ಅವರು ಮಾಡಿದ್ದು ದೊಡ್ಡ ಮಂತ್ರವೇನಲ್ಲ. ಕಂಪೆನಿಯ ಪುಸ್ತಕ ಹೇಳಿದ ಹೊತ್ತಿಗೆ ಸರ್ವಿಸ್, ಹೊತ್ತಿಗೆ ಆಯಿಲ್.

ಯುವಕರು ಈಗಲೇ ಮಾಡಬಹುದಾದ್ದು

ಒಂದು ಫೈಲ್ ಮಾಡಿ. ಆರ್‌ಸಿ, ಹಳೆಯ ಬಿಲ್ಲು, ತೆರಿಗೆ ರಸೀದಿ, ಹಳೆಯ ಫೋಟೋ ಎಲ್ಲ ಅದರಲ್ಲಿರಲಿ. ಉಪ್ಪನನ್ನೋ ಅಜ್ಜನನ್ನೋ ಕಾರಿನ ಪಕ್ಕ ಕೂರಿಸಿ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ: ಯಾರಿಂದ ಕೊಂಡದ್ದು, ಎಷ್ಟು ಕೊಟ್ಟದ್ದು, ಯಾವ ಶಬ್ದ ಬಂದರೆ ಏನು ಅರ್ಥ, ಚೋಕ್ ಎಷ್ಟು ಎಳೆಯಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ. ಊರಿನ ಹಳೆಯ ಮೆಕ್ಯಾನಿಕ್ ಕಾಕನ ಬಳಿ ಶುಕ್ರವಾರ ಜುಮಾ ಮುಗಿಸಿ ಒಂದು ಗಂಟೆ ಕೂತರೂ ಸಾಕು, ಕಾರ್ಬ್ಯುರೇಟರ್ ಕಳಚಲು ಕಲಿಯಬಹುದು. ಆ ತಲೆಮಾರಿನ ಕೈಗಳು ಕಡಿಮೆಯಾಗುತ್ತಿವೆ.

ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯ ಇವೆ. ಗಲ್ಫ್‌ನಲ್ಲಿರುವವರಿಗೆ ಶಾರ್ಜಾದ ಕ್ಲಾಸಿಕ್ ಕಾರು ಮ್ಯೂಸಿಯಂ ರಜೆಯ ದಿನ ಹೋಗಿ ಬರುವಷ್ಟು ಹತ್ತಿರ.

ಎಲ್ಲ ಕಾರನ್ನೂ ಉಳಿಸಲಿಕ್ಕಾಗುವುದಿಲ್ಲ ಎಂಬುದೂ ನಿಜ. ಜಾಗ ಇಲ್ಲ, ಹಣ ಇಲ್ಲ, ಆಸಕ್ತಿ ಇಲ್ಲ ಎಂದರೆ, ಓಡುವ ಸ್ಥಿತಿಯಲ್ಲಿರುವಾಗಲೇ ಪ್ರೀತಿಯಿಂದ ನೋಡಿಕೊಳ್ಳುವವರಿಗೆ ಕೊಡುವುದು ಶೆಡ್ಡಿನಲ್ಲಿ ಕೊಳೆಸುವುದಕ್ಕಿಂತ ಸಾವಿರ ಪಾಲು ಮೇಲು. ಅದರಲ್ಲಿ ಉಪ್ಪನಿಗೆ ಅಗೌರವ ಏನೂ ಇಲ್ಲ. ಆದರೆ ಉಳಿಸಿಕೊಳ್ಳುತ್ತೇವೆ ಎಂದು ತೀರ್ಮಾನಿಸಿದರೆ, ಯಾರ ಹೆಸರಿನಲ್ಲಿ, ಯಾರ ಖರ್ಚಿನಲ್ಲಿ, ಯಾರ ಕೈಯಲ್ಲಿ ಎಂಬ ಮೂರು ಪ್ರಶ್ನೆಗೆ ಈ ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಉತ್ತರ ಸಿಗಲಿ. ಸಾಧ್ಯವಾದರೆ ಉಪ್ಪನ ಎದುರಿನಲ್ಲೇ.